ನಿರ್ಬಂಧ ಸಡಿಲಿಸೋದು ಯಾವ ಅಂಕಿ ನೋಡಿ? ಇಲಾಖೆಯ ಮಾತು ಎಷ್ಟು ನಂಬಬೇಕು?

ಕುಕ್ಕರಹಳ್ಳಿ ದಂಡೆ (ಮೈಸೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ನಿವಾಸಿಗಳ ಸಂಘದಲ್ಲಿ ಮುಂದಿನ ಭಾನುವಾರ ಒಂದು ಚರ್ಚೆ ಇಟ್ಟುಕೊಂಡಿದ್ದೇವೆ. ಕೋವಿಡ್‌ನಂಥ ಮತ್ತೊಂದು ಸಾಂಕ್ರಾಮಿಕ ಬಂದರೆ ಜಿಲ್ಲಾಡಳಿತವನ್ನು ಏನೇನು ಕೇಳಬೇಕು ಅನ್ನೋದನ್ನು ತಲೆ ತಣ್ಣಗಿರುವಾಗಲೇ ಒಂದು ಮನವಿಯಾಗಿ ಬರೆದಿಡೋಣ ಅಂತ. ಆದರೆ ಸದಸ್ಯರು ಈಗಲೇ ಎರಡು ಪಾಳಯ ಆಗಿದ್ದಾರೆ. ಒಂದು ಕೇಸೂ ಇಲ್ಲ ಅನ್ನೋವರೆಗೆ ಏನೂ ತೆರೆಯಬಾರದು ಅನ್ನೋರು ಒಂದು ಕಡೆ. ಮಾಸ್ಕ್ ಬೇಡ ಅಂದ್ರು, ಆಮೇಲೆ ಬೇಕು ಅಂದ್ರು, ಲಸಿಕೆಯ ಅಂತರ ಮೂರು ಸಲ ಬದಲಾಯಿಸಿದ್ರು, ಇನ್ನು ಇವರ ಮಾತು ಕೇಳಲ್ಲ ಅನ್ನೋರು ಇನ್ನೊಂದು ಕಡೆ.

ಹೆಚ್ಚು ಜಗಳ ಆಗ್ತಿರೋದು 2021ರ ಜೂನ್ ವಿಚಾರಕ್ಕೆ. ಜೂನ್ 14ರ ಸಡಿಲಿಕೆಯಲ್ಲಿ 11 ಜಿಲ್ಲೆಗಳನ್ನು ಹೊರಗಿಟ್ಟರು, ಅದರಲ್ಲಿ ಮೈಸೂರು, ಮಂಡ್ಯ ಎರಡೂ ಇದ್ದವು. ಒಂದೇ ವಾರದಲ್ಲಿ, 21ಕ್ಕೆ, ಮಂಡ್ಯ ಶೇ. 5ಕ್ಕಿಂತ ಕಡಿಮೆ ಪಾಸಿಟಿವಿಟಿಯ (ಪರೀಕ್ಷೆ ಮಾಡಿದ ನೂರರಲ್ಲಿ ಎಷ್ಟು ಪಾಸಿಟಿವ್ ಅನ್ನೋ ದರ) ಪಟ್ಟಿಗೆ ಸೇರಿ ಸಂಜೆ 5ರವರೆಗೆ ಅಂಗಡಿ ತೆರೆಯಿತು. ಮೈಸೂರು ಮಾತ್ರ ಶೇ. 10ಕ್ಕಿಂತ ಹೆಚ್ಚು ಅಂತ ಹಳೇ ನಿರ್ಬಂಧದಲ್ಲೇ ಉಳಿಯಿತು. ಶ್ರೀರಂಗಪಟ್ಟಣದಲ್ಲಿ ಬಾಗಿಲು ತೆಗೆದಿದೆ, ಹದಿನೈದು ಕಿಲೋಮೀಟರ್ ಈಚೆ ಹಾಕಿದೆ.

ತಿಳಿದವರು ದಯವಿಟ್ಟು ಹೇಳಿ: ಅಂಕಿಗಳನ್ನು ಯಾವ ಕ್ರಮದಲ್ಲಿ ನೋಡಬೇಕು, ಅವು ಎಲ್ಲಿ ದಾರಿ ತಪ್ಪಿಸುತ್ತವೆ? ಸಲಹೆ ಬದಲಾದಾಗ ಅದು ಹೊಸ ತಿಳಿವಳಿಕೆಯಿಂದಲೋ, ಕೊರತೆ ಮುಚ್ಚಿಕೊಳ್ಳೋಕೋ ಅಂತ ಗುರುತಿಸೋದು ಹೇಗೆ?

ಲೆಕ್ಕದ ಮೇಷ್ಟ್ರು (ಮೈಸೂರು):

ಪಾಸಿಟಿವಿಟಿ ದರದಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನೀವು ಹೇಳಿದ ಆದೇಶಗಳು ಅದರ ಮೇಲೇ ನಿಂತಿದ್ದವು. ಅದೊಂದು ಭಿನ್ನರಾಶಿ. ಮೇಲೆ ಪಾಸಿಟಿವ್ ಬಂದವರು, ಕೆಳಗೆ ಮಾಡಿದ ಪರೀಕ್ಷೆಗಳು. ಜನ ಮೇಲಿನದನ್ನೇ ನೋಡ್ತಾರೆ, ಎಡವಟ್ಟು ಆಗೋದು ಕೆಳಗೆ.

ಒಂದು ಲೆಕ್ಕ ಹಾಕಿ. ಜ್ವರ, ಕೆಮ್ಮು ಇರೋ 2,000 ಜನಕ್ಕೆ ಆರ್‌ಟಿ-ಪಿಸಿಆರ್ (ಪ್ರಯೋಗಾಲಯದಲ್ಲಿ ಮಾಡೋ ಹೆಚ್ಚು ನಿಖರ ಪರೀಕ್ಷೆ) ಮಾಡಿ 240 ಪಾಸಿಟಿವ್ ಬಂದರೆ ದರ ಶೇ. 12. ಮರುದಿನ ಅಂಥದೇ 2,000 ಜನರ ಜೊತೆಗೆ, ಬಸ್ ಸ್ಟ್ಯಾಂಡಿನಲ್ಲಿ ಲಕ್ಷಣವೇ ಇಲ್ಲದ 2,000 ಜನಕ್ಕೆ ರ‍್ಯಾಪಿಡ್ ಆಂಟಿಜೆನ್ (ಸ್ಥಳದಲ್ಲೇ ಬೇಗ ಫಲಿತಾಂಶ ಕೊಡೋ ಪರೀಕ್ಷೆ) ಮಾಡಿ 40 ಪಾಸಿಟಿವ್ ಸಿಕ್ಕಿತು ಅನ್ನಿ. 4,000ಕ್ಕೆ 280, ಅಂದರೆ ಶೇ. 7. ಊರಲ್ಲಿ ಸೋಂಕು ಒಂದು ಕೂದಲೆಳೆಯೂ ಕಡಿಮೆಯಾಗಿಲ್ಲ, ದರ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಯಾರೂ ಸುಳ್ಳು ಹೇಳಬೇಕಾಗಿಲ್ಲ, ಪರೀಕ್ಷೆಯ ಗುರಿ ಬದಲಾದರೆ ಸಾಕು. ಅದಕ್ಕೇ ಲಕ್ಷಣ ಇರೋರ ದರ ಬೇರೆ, ಬೀದಿಯಲ್ಲಿ ಹಿಡಿದು ಮಾಡಿದವರ ದರ ಬೇರೆ, ಆರ್‌ಟಿ-ಪಿಸಿಆರ್ ಬೇರೆ, ಆಂಟಿಜೆನ್ ಬೇರೆ ಅಂತ ನಾಲ್ಕು ಮನೆಗಳಲ್ಲಿ ಕೊಡಿ ಅಂತ ಕೇಳಬೇಕು. ಲಕ್ಷಣ ಇದ್ದೂ ಆಂಟಿಜೆನ್ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಲೇಬೇಕು ಅನ್ನೋದು ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) ನಿಯಮ. ಹಾಗೆ ಎರಡು ಸಲ ಪರೀಕ್ಷೆಯಾದ ಒಬ್ಬರು ಕೆಳಗಿನ ಅಂಕಿಯಲ್ಲಿ ಎರಡು ತಲೆಯಾಗಿ ಕೂತಿದ್ದಾರಾ ಅನ್ನೋದನ್ನೂ ಕೇಳಿ.

ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲಿ ಕೊಟ್ಟ ಅಳತೆ ಶೇ. 5ಕ್ಕಿಂತ ಕಡಿಮೆ ಅನ್ನೋದಷ್ಟೇ ಅಲ್ಲ, ಕನಿಷ್ಠ ಎರಡು ವಾರ ಸತತವಾಗಿ ಹಾಗಿರಬೇಕು. ಆ ಎರಡು ವಾರದ ಮಾತು ನಮ್ಮ ಕಡೆ ಬರೋ ಹೊತ್ತಿಗೆ ಉದುರಿಹೋಗಿತ್ತು. ನೀವು ಹೇಳಿದ ಜೂನ್ 14, ಜೂನ್ 21ರ ನಡುವೆ ಇರೋದು ಏಳೇ ದಿನ. ಸೋಂಕು ತಗುಲಿ ಲಕ್ಷಣ ಕಾಣೋಕೆ ಮೊದಲ ತಳಿಯಲ್ಲಿ ಸುಮಾರು ಐದು ದಿನ, ಆಮೇಲೆ ಬಂದ ಒಮಿಕ್ರಾನ್ ತಳಿಯಲ್ಲಿ ಮೂರು. ಆಮೇಲೆ ಜ್ವರದ ಮಾತ್ರೆ ನುಂಗಿ ನೋಡೋದು ಎರಡು ದಿನ, ಗಂಟಲು ದ್ರವ ಕೊಟ್ಟು ಫಲಿತಾಂಶ ಬರೋಕೆ ಇನ್ನೊಂದೆರಡು ದಿನ. ಇಲಾಖೆಯ ಇವತ್ತಿನ ಬುಲೆಟಿನ್ (ದಿನದ ಅಂಕಿಗಳ ಪ್ರಕಟಣೆ) ತೋರಿಸೋದು ಎಂಟು ಹತ್ತು ದಿನದ ಹಿಂದಿನ ಊರನ್ನು. ಆಸ್ಪತ್ರೆ ಸೇರೋದು ಲಕ್ಷಣ ಬಂದ ವಾರಕ್ಕೆ, ಸಾವು ಎರಡು ಮೂರು ವಾರಕ್ಕೆ. ಹಾಗಾಗಿ ಒಂದು ಹಂತ ತೆರೆದ ಮೇಲೆ 14 ದಿನ ಕಾಯದೆ ಎರಡನೇ ಹಂತ ತೆರೆದರೆ, ಮೊದಲ ಹಂತದ ಫಲ ನೋಡದೇ ಹೆಜ್ಜೆ ಇಟ್ಟಂತೆ.

ಸಣ್ಣ ಸಂಖ್ಯೆಯ ತೊಂದರೆ ಇದಕ್ಕಿಂತ ದೊಡ್ಡದು. 2021ರ ಆಗಸ್ಟ್ 23ರಿಂದ 9ರಿಂದ 12ನೇ ತರಗತಿ ತೆರೆದಾಗ ತಾಲ್ಲೂಕಿನ ಪಾಸಿಟಿವಿಟಿ ಶೇ. 2ಕ್ಕಿಂತ ಕಡಿಮೆ ಇರಬೇಕು ಅಂತ ಷರತ್ತು ಹಾಕಿದ್ದರು. ಒಂದು ತಾಲ್ಲೂಕಿನಲ್ಲಿ ಆ ದಿನ 80 ಪರೀಕ್ಷೆ ಆಗಿ ಒಬ್ಬರಿಗೆ ಪಾಸಿಟಿವ್ ಬಂದರೆ ಶೇ. 1.25, ಶಾಲೆ ತೆರೆ. ಇಬ್ಬರಿಗೆ ಬಂದರೆ ಶೇ. 2.5, ಶಾಲೆ ಮುಚ್ಚು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ 80ಕ್ಕೆ 2 ಅಂದರೆ ನಿಜವಾದ ದರ ಶೇ. 0.3ರಿಂದ 8.7ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅಂಥ ಅಂಕಿಯ ಮೇಲೆ ಇಡೀ ತಾಲ್ಲೂಕಿನ ಮಕ್ಕಳ ಪಾಠ ನಿಲ್ಲಿಸೋದು ನ್ಯಾಯ ಅಲ್ಲ. ಏಳು ದಿನದ ಪರೀಕ್ಷೆ ಕೂಡಿಸಿ, ಏಳು ದಿನದ ಪಾಸಿಟಿವ್ ಕೂಡಿಸಿ ಭಾಗಿಸಬೇಕು. ಏಳು ದಿನದ ಶೇಕಡಾಗಳ ಸರಾಸರಿ ತೆಗೆಯೋದಲ್ಲ, ಅದು ತಪ್ಪು ವಿಧಾನ. ಭಾನುವಾರ ಪರೀಕ್ಷೆ ಕಡಿಮೆ, ಆ ಒಂದು ದಿನದ ಶೇಕಡಾ ಉಳಿದ ಆರು ದಿನಕ್ಕೆ ಸಮ ತೂಗಿಬಿಡುತ್ತೆ.

ಕೊನೆಯದಾಗಿ, ಕೇಸುಗಳ ಸಂಖ್ಯೆಗಿಂತ ಅವು ಎಲ್ಲಿ ಸಿಕ್ಕವು ಅನ್ನೋದು ಮುಖ್ಯ. 2020ರ ಮೇನಲ್ಲಿ ಮಂಡ್ಯದ ಅಂಕಿ ದಿಢೀರನೆ ಏರಿತು. ಮುಂಬೈಯಿಂದ ಕೆ.ಆರ್. ಪೇಟೆ, ನಾಗಮಂಗಲ ಕಡೆಗೆ ವಾಪಸ್ ಬಂದವರೇ ಹೆಚ್ಚು, ಕ್ವಾರಂಟೈನ್ ಕೇಂದ್ರದಲ್ಲೇ ಪತ್ತೆಯಾದವರು. ಅಂಕಿ ದೊಡ್ಡದು, ಊರೊಳಗಿನ ಹರಡುವಿಕೆ ಸಣ್ಣದು. ಅದೇ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯ ಗುಂಪು ಸೋಂಕು ನೋಡಿ, ಶುರುವಿನಲ್ಲಿ ಅಂಕಿ ಸಣ್ಣದೇ. ಆದರೆ ಮೊದಲನೆಯವರಿಗೆ ಎಲ್ಲಿಂದ ಬಂತು ಅಂತ ತಿಳಿಯಲಿಲ್ಲ. ಮೂಲ ಗೊತ್ತಿಲ್ಲದ ಹತ್ತು ಕೇಸು, ಕ್ವಾರಂಟೈನಿನಲ್ಲಿ ಸಿಕ್ಕ ನೂರಕ್ಕಿಂತ ಅಪಾಯ. ಆ ವಿಂಗಡಣೆ ಇಲ್ಲದ ಬುಲೆಟಿನ್ ಇಟ್ಟುಕೊಂಡು ಯಾವ ನಿರ್ಧಾರವೂ ಆಗಲ್ಲ.

ಬಯೋಮೆಡಿಕಲ್ ಮಂಡ್ಯ:

ಮೇಷ್ಟ್ರು ಹೇಳಿದ್ದು ಒಪ್ತೀನಿ, ಆದರೆ ನಾನಾದ್ರೆ ಪಾಸಿಟಿವಿಟಿನ ಎರಡನೇ ಸಾಲಿಗೆ ತಳ್ತೀನಿ. ಮೊದಲು ನೋಡಬೇಕಾದ್ದು ಆಸ್ಪತ್ರೆಗೆ ದಿನಕ್ಕೆ ಎಷ್ಟು ಜನ ಹೊಸದಾಗಿ ಸೇರ್ತವ್ರೆ ಅನ್ನೋದು.

2021ರ ಏಪ್ರಿಲ್ 29ರ ಕೇಂದ್ರ ಗೃಹ ಇಲಾಖೆ ಆದೇಶದಲ್ಲಿ ಸ್ಥಳೀಯ ನಿರ್ಬಂಧ ಹಾಕೋಕೆ ಎರಡು ಗೆರೆ ಇದ್ದವು: ಹಿಂದಿನ ಒಂದು ವಾರದ ಪಾಸಿಟಿವಿಟಿ ಶೇ. 10 ದಾಟಬೇಕು, ಇಲ್ಲಾ ಆಕ್ಸಿಜನ್ ಅಥವಾ ಐಸಿಯು ಬೆಡ್ ಶೇ. 60ಕ್ಕಿಂತ ಹೆಚ್ಚು ತುಂಬಿರಬೇಕು. ಅದೇ ವರ್ಷ ಡಿಸೆಂಬರ್ 21ಕ್ಕೆ ಒಮಿಕ್ರಾನ್ ಹೊತ್ತಲ್ಲಿ ಆರೋಗ್ಯ ಇಲಾಖೆ ಪತ್ರ ಬಂತು, ಅದರಲ್ಲಿ 60 ಹೋಗಿ 40 ಆಗಿತ್ತು. ಎಂಟು ತಿಂಗಳಲ್ಲಿ ಮಾತು ಬದಲಾಯಿಸಿದ್ರು ಅಂತ ಬೈದವರು ಬಹಳ. ಲೆಕ್ಕ ಹಾಕಿದರೆ ಕಾರಣ ಕಾಣ್ತದೆ.

400 ಆಕ್ಸಿಜನ್ ಬೆಡ್ ಇರೋ ಜಿಲ್ಲೆ ಅಂದ್ಕೊಳ್ಳಿ. ಶೇ. 60 ತುಂಬಿದಾಗ ಖಾಲಿ ಇರೋದು 160. ಸೇರೋರಿಂದ ಬಿಡುಗಡೆ ಆಗೋರನ್ನ ಕಳೆದು ದಿನಕ್ಕೆ 12 ಜನ ಹೆಚ್ಚಾಗ್ತಿದ್ದರೆ ಮೊದಲ ವಾರಕ್ಕೆ 84 ಹೋಯ್ತು, ಉಳಿದದ್ದು 76. ಮುಂದಿನ ವಾರ ಅದು ದುಪ್ಪಟ್ಟಾಗಿ ದಿನಕ್ಕೆ 24 ಆದರೆ ಮೂರೇ ದಿನ. ಒಟ್ಟು ಹತ್ತು ದಿನ. ಇವತ್ತು ಬೀಗ ಹಾಕಿದರೂ ಅದರ ಫಲ ಬೆಡ್ ಮೇಲೆ ಕಾಣೋಕೆ ಎರಡು ವಾರ ಬೇಕು. ಅಂದ್ರೆ 60ಕ್ಕೆ ಎಚ್ಚೆತ್ತರೆ ತಡ ಆಯ್ತು. 40ಕ್ಕೆ ಎಚ್ಚೆತ್ತರೆ ಖಾಲಿ 240, ಹದಿಮೂರು ದಿನಕ್ಕೂ ಮೇಲೆ ಎಳೀತದೆ. ವೇಗವಾಗಿ ಹರಡೋ ತಳಿಗೆ ಗೆರೆ ಕೆಳಗಿರಬೇಕು.

ಬೆಡ್ ಅನ್ನೋ ಪದವೇ ಸಾಲದು ಅನ್ನೋದು ಇನ್ನೊಂದು. ಮಂಚಕ್ಕೆ ಆಕ್ಸಿಜನ್ ಬೆಡ್ ಅಂತ ಚೀಟಿ ಅಂಟಿಸಿದರೆ ಬೆಡ್ ಆಗಲ್ಲ. ಮೂಗಿಗೆ ಸಿಕ್ಕಿಸೋ ಸಣ್ಣ ನಳಿಕೆಗೆ ನಿಮಿಷಕ್ಕೆ 1ರಿಂದ 5 ಲೀಟರ್ ಸಾಕು. ಚೀಲ ಇರೋ ಮಾಸ್ಕಿಗೆ 10ರಿಂದ 15. ಹೈ-ಫ್ಲೋ ಯಂತ್ರಕ್ಕೆ 60ರವರೆಗೆ. ದೊಡ್ಡ ಜಂಬೋ ಸಿಲಿಂಡರಿನಲ್ಲಿ ಇರೋದು ಸುಮಾರು 7,000 ಲೀಟರ್ ಅನಿಲ. ನಿಮಿಷಕ್ಕೆ 10 ಲೀಟರ್ ಎಳೆದರೆ ಹನ್ನೊಂದೂವರೆ ಗಂಟೆ ಬರ್ತದೆ, 60 ಎಳೆದರೆ ಎರಡು ಗಂಟೆನೂ ಇಲ್ಲ. ರಾತ್ರಿ ಪಾಳಿಯಲ್ಲಿ ಸಿಲಿಂಡರ್ ಬದಲಾಯಿಸೋನು ಒಬ್ಬನೇ ಇದ್ದು, ಕೀ ಪಕ್ಕದ ವಾರ್ಡಿನಲ್ಲಿದ್ದು, ವಾಷರ್ ಹರಿದು ಬಾಯಲ್ಲಿ ಸುಯ್ ಅಂತ ಸೋರ್ತಿದ್ದರೆ ಬೆಡ್ ಲೆಕ್ಕಕ್ಕೆ ಅರ್ಥ ಇಲ್ಲ. ಆದ್ದರಿಂದ ಎಷ್ಟು ಬೆಡ್ ಅಂತ ಕೇಳಬೇಡಿ. ಈಗಿನ ಖರ್ಚಿನಲ್ಲಿ ಆಕ್ಸಿಜನ್ ಎಷ್ಟು ಗಂಟೆ ಬರ್ತದೆ, ಪಾಳಿಗೆ ಎಷ್ಟು ಶುಶ್ರೂಷಕರು ಅಂತ ಕೇಳಿ. ದ್ರವ ಆಕ್ಸಿಜನ್ ಒಂದು ಲೀಟರ್ ಅಂದರೆ ಅನಿಲದ ಲೆಕ್ಕದಲ್ಲಿ ಸುಮಾರು 860 ಲೀಟರ್. ಟ್ಯಾಂಕಿನ ದಿನದ ಖರ್ಚಿನ ದಾಖಲೆ ಪ್ರತಿ ಆಸ್ಪತ್ರೆಯಲ್ಲೂ ಇರ್ತದೆ. ಪರೀಕ್ಷೆ ಹೆಚ್ಚುಕಮ್ಮಿ ಮಾಡಿ ಈ ಅಂಕಿನ ಬದಲಾಯಿಸೋಕಾಗಲ್ಲ, ಅದಕ್ಕೇ ನನಗೆ ಇದರ ಮೇಲೆ ಭರವಸೆ ಜಾಸ್ತಿ.

ತೆರೆಯೋ ಕಡೆಗೂ ಇದೇ ಅಳತೆ ನಡೀತದೆ. 2022ರ ಜನವರಿ 21ಕ್ಕೆ ರಾಜ್ಯ ವಾರಾಂತ್ಯದ ಕರ್ಫ್ಯೂ ತೆಗೆದಾಗ ಕೇಸು ಏರ್ತಾನೇ ಇದ್ದವು. ಸೋಂಕಿತರಲ್ಲಿ ಆಸ್ಪತ್ರೆ ಸೇರೋರು ಶೇ. 5ರ ಆಸುಪಾಸು ಮಾತ್ರ, ಅದು ಏರಿದರೆ ಮತ್ತೆ ಹಾಕ್ತೀವಿ ಅಂತ ಹೇಳಿಯೇ ತೆಗೆದರು. ನನ್ನ ಪ್ರಕಾರ ಎರಡು ವರ್ಷದಲ್ಲಿ ಸರಿಯಾದ ರೀತಿಯಲ್ಲಿ ಹೇಳಿ ಮಾಡಿದ ಸಡಿಲಿಕೆ ಅದೊಂದು.

ಬಂಡಿಪಾಳ್ಯ ಮಂಡಿ:

ವ್ಯಾಪಾರದ ಕಡೆಯಿಂದ ಒಂದು ಮಾತು. ತೆರೆಯೋದು, ಮುಚ್ಚೋದು ಅಂತ ಎರಡೇ ಇಟ್ಟುಕೊಂಡು ಯೋಚಿಸ್ತೀವಿ. ಹೇಗೆ ತೆರೀತೀವಿ ಅನ್ನೋದರಲ್ಲೇ ಅರ್ಧ ವಿಷಯ ಇದೆ.

ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ ಅನ್ನೋ ನಿಯಮ ತಗೊಳ್ಳಿ. ಮಾರುಕಟ್ಟೆಗೆ ದಿನಕ್ಕೆ 3,000 ಗಿರಾಕಿ, ಒಬ್ಬೊಬ್ಬರು ಒಳಗೆ ಅರ್ಧ ಗಂಟೆ ಇರ್ತಾರೆ ಅಂದರೆ ನಾಲ್ಕು ಗಂಟೆಯ ಅವಧಿಯಲ್ಲಿ ಒಂದೇ ಹೊತ್ತಿಗೆ 375 ಜನ. ಹನ್ನೆರಡು ಗಂಟೆ ತೆರೆದರೆ 125. ದೇವರಾಜ ಮಾರುಕಟ್ಟೆಯ ಒಳದಾರಿಯಲ್ಲಿ ಸೊಪ್ಪಿನ ಬುಟ್ಟಿ, ಬಾಳೆಗೊನೆ ಬಿಟ್ಟು ಉಳಿಯೋ ಜಾಗದಲ್ಲಿ 375 ಜನ ಅಂದ್ರೆ ಭುಜಕ್ಕೆ ಭುಜ. ಅವಧಿ ಕಡಿಮೆ ಮಾಡಿದರೆ ಜನ ಬರೋದೇ ಕಡಿಮೆ ಮಾಡ್ತಾರೆ ಅನ್ನೋದು ಅಧಿಕಾರಿಗಳ ವಾದ. ಬಟ್ಟೆಗೆ, ಪಾತ್ರೆಗೆ ಅದು ನಿಜ. ತರಕಾರಿಗೆ, ಹಾಲಿಗೆ ಅಲ್ಲ. ಮನವಿಯಲ್ಲಿ ದಿನಬಳಕೆ ಅಂಗಡಿಗೆ ಉದ್ದ ಅವಧಿ ಅಂತ ಬರೀರಿ.

ಎರಡನೇದು ಕಲ್ಯಾಣ ಮಂಟಪ. ಐವತ್ತು ಜನ, ನೂರು ಜನ ಅಂತ ತಲೆ ಎಣಿಸಿದರು, ಗಾಳಿ ಎಣಿಸಲಿಲ್ಲ. 2022ರ ಜನವರಿ ಹೊತ್ತಿಗೆ ಬಯಲಲ್ಲಿ 200, ಮುಚ್ಚಿದ ಜಾಗದಲ್ಲಿ 100 ಅಂತ ಬೇರೆ ಮಾಡಿದರು. ಅಷ್ಟರಮಟ್ಟಿಗೆ ಸರಿ. ಆದರೆ ಮೂರು ಕಡೆ ಕಿಟಕಿ ಇರೋ ಹಳೇ ಮಂಟಪವೂ, ಗಾಜು ಮುಚ್ಚಿದ ಎಸಿ ಹಾಲೂ ಒಂದೇ ಅಲ್ಲವಲ್ಲ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರೋದೇ ಇಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತೆ.

ಲೆಕ್ಕ ಸುಲಭ. 20 ಮೀಟರ್ ಉದ್ದ, 12 ಅಗಲ, 4 ಎತ್ತರ ಅಂದರೆ 960 ಘನ ಮೀಟರ್. ಗಂಟೆಗೆ ಆರು ಸಲ ಗಾಳಿ ಬದಲಾಗಬೇಕು ಅಂದರೆ 5,760. ಎಕ್ಸಾಸ್ಟ್ ಫ್ಯಾನಿನ ಮೇಲೆ ಗಂಟೆಗೆ 1,200 ಅಂತ ಬರೆದಿದ್ದರೆ ಐದು ಬೇಕು. ಫ್ಯಾನ್ ಪಕ್ಕದ ಕಿಟಕಿ ತೆರೆದಿಡೋದು ಎಲ್ಲರೂ ಮಾಡೋ ತಪ್ಪು. ಆ ಕಿಟಕಿಯಿಂದ ಬಂದ ಗಾಳಿನೇ ಫ್ಯಾನಿಗೆ ಹೋಗುತ್ತೆ, ಊಟದ ಸಾಲಿನಲ್ಲಿ ಕೂತವರ ಹತ್ತಿರ ಗಾಳಿ ಅಲುಗಾಡಲ್ಲ. ಫ್ಯಾನ್ ಒಂದು ಗೋಡೆಗೆ, ತೆರೆದ ಕಿಟಕಿ ಎದುರು ಗೋಡೆಗೆ ಇರಬೇಕು.

ಪರೀಕ್ಷಿಸೋಕೆ ಇಂಗಾಲದ ಡೈಆಕ್ಸೈಡ್ ಅಳೆಯೋ ಮೀಟರ್ ಸಿಗುತ್ತೆ. ಎನ್‌ಡಿಐಆರ್ ಸೆನ್ಸರ್ (ಅವಗೆಂಪು ಬೆಳಕಿನಿಂದ ಅಳೆಯೋದು) ಅಂತ ಬರೆದಿರೋದೇ ತಗೋಬೇಕು. ಅಗ್ಗದವು ವಾಸನೆಯ ಅನಿಲ ನೋಡಿ ಅಂದಾಜು ಮಾಡ್ತವೆ, ಊದುಬತ್ತಿ, ಕರ್ಪೂರ ಹಚ್ಚಿದರೆ ಅಂಕಿ ಏರಿಬಿಡುತ್ತೆ. ಮೊದಲು ಹೊರಗೆ ಇಟ್ಟು 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ ಅನ್ನೋ ಅಳತೆ) ಹತ್ತಿರ ತೋರಿಸುತ್ತಾ ನೋಡಿ. ಆಮೇಲೆ ಒಳಗೆ, ಕೂತವರ ತಲೆ ಮಟ್ಟದಲ್ಲಿ, ಯಾರ ಉಸಿರೂ ನೇರ ಬೀಳದ ಹಾಗೆ ಎರಡು ಮೀಟರ್ ದೂರ ಇಡಿ. ಅಡುಗೆಮನೆ, ಹೋಮಕುಂಡದ ಹತ್ತಿರ ಬೇಡ, ಉರಿಯ ಇಂಗಾಲವೂ ಸೇರಿಕೊಳ್ಳುತ್ತೆ. ಜನ ತುಂಬಿ ಅರ್ಧ ಗಂಟೆ ಆದಮೇಲೆ ಓದಿ. 800ರ ಒಳಗಿದ್ದರೆ ಒಳ್ಳೇದು. 1,000 ದಾಟಿದರೆ ಕಿಟಕಿ ತೆಗೀಬೇಕು, 1,500 ಅಂದರೆ ಜನ ಕಡಿಮೆ ಮಾಡಬೇಕು. ಇದನ್ನು ಮಂಟಪದ ಪರವಾನಗಿಗೇ ಸೇರಿಸಿಬಿಟ್ಟರೆ ಬರೀ ತಲೆ ಎಣಿಕೆಯ ಜಗಳ ಇರಲ್ಲ.

ಸಂಜೆ ಗಾಳಿ:

ಒಂದು ಕೇಸೂ ಇಲ್ಲ ಅನ್ನೋವರೆಗೆ ಅನ್ನೋ ಪಾಳಯಕ್ಕೆ ಒಂದು ಉತ್ತರ. 2020ರ ಮೇ ಮಧ್ಯದಲ್ಲಿ ಮೈಸೂರಿನ 90 ಸೋಂಕಿತರೂ ಗುಣವಾಗಿ ಮನೆಗೆ ಹೋಗಿ, ಸಕ್ರಿಯ ಪ್ರಕರಣ ಸೊನ್ನೆ ಆಗಿತ್ತು. ಗಡಿ ತೆರೆದ ಕೂಡಲೇ ಸೋಂಕು ಮತ್ತೆ ಬಂತು. ಸುತ್ತ ಎಲ್ಲ ಕಡೆ ಕಾಯಿಲೆ ಇರುವಾಗ ಒಂದು ಜಿಲ್ಲೆಯ ಸೊನ್ನೆ ನಿಲ್ಲೋದಿಲ್ಲ. ಸೊನ್ನೆ ಗುರಿ ಇಟ್ಟರೆ ಆಲೆಮನೆ ಕೂಲಿಯವರು, ಬೀದಿ ವ್ಯಾಪಾರದವರು ಕೊನೆಯಿಲ್ಲದೆ ಮನೆಯಲ್ಲಿ ಕೂರಬೇಕು. ಅವರ ಎರಡು ವಾರದ ಕೂಲಿ ಯಾರು ಕೊಡ್ತಾರೆ ಅನ್ನೋದು ಅದೇ ಆದೇಶದಲ್ಲೇ ಇರಲಿ.

ಕಾವೇರಿ ಬಯಲು (ಶ್ರೀರಂಗಪಟ್ಟಣ):

ನಂಬಿಕೆಯ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಪ್ರಯತ್ನಿಸುತ್ತೇನೆ.

ಸಲಹೆ ಬದಲಾಯಿತು ಅನ್ನೋದೇ ಅಪನಂಬಿಕೆಗೆ ಕಾರಣ ಆಗಬಾರದು. ಹೊಸ ಕಾಯಿಲೆಯಲ್ಲಿ ಸಲಹೆ ಬದಲಾಗದಿದ್ದರೆ ಭಯಪಡಬೇಕು. ನೋಡಬೇಕಾದ್ದು ಬದಲಾವಣೆ ಪುರಾವೆಯ ಹಿಂದೆಯೇ ಬಂತಾ, ಎಷ್ಟು ತಡವಾಗಿ ಬಂತು, ಹಿಂದೆ ಹೇಳಿದ್ದು ತಪ್ಪು ಅಂತ ಬಾಯಿಬಿಟ್ಟು ಹೇಳಿದರಾ ಅನ್ನೋದು.

ಪ್ಲಾಸ್ಮಾ ಚಿಕಿತ್ಸೆ, ಅಂದರೆ ಗುಣವಾದವರ ರಕ್ತದ ದ್ರವಭಾಗವನ್ನು ರೋಗಿಗೆ ಕೊಡೋದು, ಅದನ್ನು ತಗೊಳ್ಳಿ. ಐಸಿಎಂಆರ್ ತಾನೇ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪ್ರಯೋಗ ಮಾಡಿ, ಸಾವು ತಪ್ಪಿಸುವಲ್ಲಿ ಪ್ರಯೋಜನ ಇಲ್ಲ ಅಂತ 2020ರ ಸೆಪ್ಟೆಂಬರಿನಲ್ಲೇ ಹೊರಗೆ ಹಾಕಿತು. ಒಳ್ಳೆಯ ಕೆಲಸ, ಜಗತ್ತಿಗೇ ಉಪಯೋಗವಾದ ಕೆಲಸ. ಆದರೆ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾ ತೆಗೆದದ್ದು 2021ರ ಮೇ 17ಕ್ಕೆ. ನಡುವೆ ಎಂಟು ತಿಂಗಳು. ಎರಡನೇ ಅಲೆಯ ಅಷ್ಟೂ ದಿನ ಮನೆಯವರು ರಕ್ತದಾನಿಗಳಿಗಾಗಿ ಫೋನ್ ಹಿಡಿದು ಅಲೆದರು. ವಿಜ್ಞಾನ ಸರಿಯಾಗಿತ್ತು, ಆಡಳಿತ ಮಲಗಿತ್ತು. ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿ ಬೈದರೆ ಮುಂದಿನ ಸಲ ಸರಿಯಾದ ಮಾತನ್ನೂ ಬಿಟ್ಟುಬಿಡ್ತೀವಿ.

ಕೋವಿಶೀಲ್ಡ್ ಲಸಿಕೆಯ ಎರಡು ಡೋಸ್‌ಗಳ ನಡುವಿನ ಅಂತರ ಇನ್ನೂ ಸೂಕ್ಷ್ಮ. 4–6 ವಾರ ಇದ್ದದ್ದು 2021ರ ಮಾರ್ಚಿನಲ್ಲಿ 6–8 ಆಯಿತು, ಮೇ 13ಕ್ಕೆ 12–16. ಅಂತರ ಹೆಚ್ಚಿಸಿದರೆ ಫಲ ಹೆಚ್ಚು ಅನ್ನೋದಕ್ಕೆ ಪುರಾವೆ ಇತ್ತು: ಆರು ವಾರದೊಳಗೆ ಎರಡನೇ ಡೋಸ್ ಕೊಟ್ಟಾಗ ಶೇ. 55, ಹನ್ನೆರಡು ವಾರ ದಾಟಿ ಕೊಟ್ಟಾಗ ಶೇ. 81. ಆದರೆ ಆ ಅಧ್ಯಯನ ಡೆಲ್ಟಾ (ಎರಡನೇ ಅಲೆಯ ತಳಿ) ಬರೋಕೆ ಮುಂಚಿನದು. ಡೆಲ್ಟಾಕ್ಕೆ ಒಂದು ಡೋಸ್ ಸಾಲದು ಅನ್ನೋ ಆತಂಕದಲ್ಲಿ ಬ್ರಿಟನ್ ಮೇ 14ಕ್ಕೆ ಐವತ್ತು ದಾಟಿದವರಿಗೆ 12 ವಾರದಿಂದ 8ಕ್ಕೆ ಇಳಿಸಿತು. ಅಂದರೆ ಒಂದು ದಿನದ ಅಂತರದಲ್ಲಿ ಎರಡು ದೇಶ ಎರಡು ದಿಕ್ಕಿಗೆ ಹೋದವು. ಇಲ್ಲಿ ಲಸಿಕೆಯ ಕೊರತೆಯೂ ಅದೇ ಹೊತ್ತಿಗೆ ಇತ್ತು. ಡೋಸ್ ಕಡಿಮೆ ಇದೆ, ಹೆಚ್ಚು ಜನಕ್ಕೆ ಒಂದೊಂದು ತಲುಪಿಸುತ್ತೇವೆ, ಅದರ ಲಾಭ ಇಷ್ಟು ನಷ್ಟ ಇಷ್ಟು ಅಂತ ನೇರವಾಗಿ ಹೇಳಿದ್ದರೆ ಜನ ಒಪ್ಪುತ್ತಿದ್ದರು. ವೈಜ್ಞಾನಿಕ ಕಾರಣ ಮಾತ್ರ ಹೇಳಿದ್ದಕ್ಕೆ ಆ ವೈಜ್ಞಾನಿಕ ಕಾರಣವನ್ನೂ ಜನ ನಂಬಲಿಲ್ಲ.

ಮಾಸ್ಕಿನದೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 28ಕ್ಕೆ ಇದು ಗಾಳಿಯಲ್ಲಿ ಹರಡುವ ಕಾಯಿಲೆ ಅಲ್ಲ ಅಂತ ಖಡಾಖಂಡಿತವಾಗಿ ಹೇಳಿಬಿಟ್ಟಿತ್ತು. ಗೊತ್ತಿಲ್ಲದ ವಿಷಯಕ್ಕೆ ಅಷ್ಟು ಗಟ್ಟಿ ದನಿ ಬೇಕಿರಲಿಲ್ಲ. ಆ ತಪ್ಪಿನ ಫಲವೇ ತಿಂಗಳುಗಟ್ಟಲೆ ಬೀದಿಗೆ ಹೈಪೋಕ್ಲೋರೈಟ್ ಅನ್ನೋ ಸೋಂಕುನಿವಾರಕ ಸಿಂಪಡಿಸಿದ್ದು, ಕಿಟಕಿ ತೆಗೆಯೋದು ಬಿಟ್ಟು ತರಕಾರಿ ತೊಳೆದದ್ದು. ಬಂಡಿಪಾಳ್ಯದವರು ಹೇಳಿದ ಗಾಳಿಯ ಲೆಕ್ಕ ಆಗಲೇ ಬರಬೇಕಿತ್ತು.

ಈಗ ಬುಲೆಟಿನ್ ಓದುವ ವಿಧಾನ. ಕರ್ನಾಟಕದ ದೈನಂದಿನ ಬುಲೆಟಿನ್ನಿನಲ್ಲಿ ಜಿಲ್ಲಾವಾರು ಪಟ್ಟಿ ಆದಮೇಲೆ ಹಿಂದಿನ ಪುಟಗಳಲ್ಲಿ ಸಾವಿನ ಅನುಬಂಧ ಇರುತ್ತಿತ್ತು. ಹೆಸರಿಲ್ಲ, ರೋಗಿ ಸಂಖ್ಯೆ, ವಯಸ್ಸು, ಲಕ್ಷಣ, ಬೇರೆ ಕಾಯಿಲೆ, ಕೊನೆಯಲ್ಲಿ ದಾಖಲಾದ ದಿನ, ತೀರಿಕೊಂಡ ದಿನ. ಮುಖಪುಟದ ಇವತ್ತಿನ ಸಾವು ಎಷ್ಟು ಅನ್ನೋದನ್ನೇ ಸುದ್ದಿವಾಹಿನಿ ತೋರಿಸುತ್ತಿದ್ದವು. ನೋಡಬೇಕಾದ್ದು ಈ ಕೊನೆಯ ಎರಡು ಕಾಲಂ. ತೀರಿಕೊಂಡ ದಿನ ಎರಡು ಮೂರು ವಾರ ಹಿಂದಿನದಾಗಿದ್ದರೆ ಅದು ಹಳೇ ಬಾಕಿ ಸೇರಿಸಿದ್ದು, ಇವತ್ತಿನ ಏರಿಕೆ ಅಲ್ಲ. ದಾಖಲಾದ ದಿನವೇ ಅಥವಾ ಮರುದಿನವೇ ತೀರಿಕೊಂಡವರ ಸಾಲು ಉದ್ದ ಆಗುತ್ತಿದ್ದರೆ ಜನ ತಡವಾಗಿ ಬರುತ್ತಿದ್ದಾರೆ, ಅಥವಾ ಬೆಡ್ ಸಿಗದೆ ಅಲೆಯುತ್ತಿದ್ದಾರೆ ಅಂತ. ಅಂಥ ವಾರದಲ್ಲಿ ಪಾಸಿಟಿವಿಟಿ ಶೇ. 4 ಇದ್ದರೂ ತೆರೆಯಬಾರದು. ಇಷ್ಟು ವಿವರ ಪ್ರಕಟಿಸಿದ್ದಕ್ಕೆ ಇಲಾಖೆಗೆ ಮೆಚ್ಚುಗೆ ಸಲ್ಲಬೇಕು.

ಮೆಚ್ಚುಗೆ ಸಲ್ಲದ ಕಡೆಯೂ ಹೇಳಬೇಕು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆದ ಸಾವುಗಳು. ಒಟ್ಟು 24 ಸಾವಿನಲ್ಲಿ ಆಕ್ಸಿಜನ್ ಕೊರತೆಯಿಂದ ಆದದ್ದು ಮೂರೇ ಅಂತ ಮೊದಲು ಸರ್ಕಾರದ ಹೇಳಿಕೆ ಬಂತು, ಆಮೇಲೆ ಹೈಕೋರ್ಟ್ ನೇಮಿಸಿದ ಸಮಿತಿ ಅದನ್ನು ಒಪ್ಪಲಿಲ್ಲ. ದೇಶದ ಮಟ್ಟದಲ್ಲೂ ಹಾಗೇ. 2020, 2021 ಎರಡೂ ವರ್ಷ ಸೇರಿ ಅಧಿಕೃತ ಕೋವಿಡ್ ಸಾವು ಸುಮಾರು 4.8 ಲಕ್ಷ. ನೋಂದಣಿಯಾದ ಎಲ್ಲ ಸಾವುಗಳ ಲೆಕ್ಕ 2020ರಲ್ಲಿ 81.2 ಲಕ್ಷ ಇದ್ದದ್ದು 2021ರಲ್ಲಿ 1.02 ಕೋಟಿ. ಹೆಚ್ಚಿದ್ದೆಲ್ಲ ಕೋವಿಡ್ ಅಲ್ಲ, ನೋಂದಣಿ ಸುಧಾರಿಸಿದ್ದೂ ಸೇರಿದೆ. ಆದರೂ ಒಂದೇ ವರ್ಷಕ್ಕೆ ಇಪ್ಪತ್ತು ಲಕ್ಷ ಏರಿಕೆಗೆ ಬರೀ ನೋಂದಣಿ ಕಾರಣ ಅನ್ನೋಕಾಗಲ್ಲ. ನಿಮ್ಮ ಜಿಲ್ಲೆಯ ಮಟ್ಟಿಗೆ ಇದನ್ನು ನೀವೇ ನೋಡಬಹುದು. ಪಾಲಿಕೆಯ ಜನನ ಮರಣ ವಿಭಾಗದಿಂದ ತಿಂಗಳುವಾರು ಒಟ್ಟು ಸಾವಿನ ಸಂಖ್ಯೆ ತಗೊಂಡು ಹಿಂದಿನ ಐದು ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ನೋಂದಣಿಗೆ 21 ದಿನ ಕಾಲಾವಕಾಶ ಇರೋದರಿಂದ ಕಳೆದ ತಿಂಗಳ ಅಂಕಿ ಯಾವಾಗಲೂ ಅಪೂರ್ಣ, ಅದನ್ನು ಬಿಟ್ಟುಬಿಡಿ.

ಇನ್ನೊಂದು ಮರೆಯಬೇಡಿ. 2020ರ ಮಾರ್ಚಿನಲ್ಲಿ ಕ್ವಾರಂಟೈನ್ ಆದವರ ವಿಳಾಸದ ಪಟ್ಟಿಯನ್ನೇ ರಾಜ್ಯ ಬಹಿರಂಗ ಮಾಡಿತು, ಕೈಗೆ ಮುದ್ರೆ ಒತ್ತಿತು. ಅಕ್ಕಪಕ್ಕದವರು ನೀರು ಹಾಲು ನಿಲ್ಲಿಸುತ್ತಾರೆ ಅಂತಾದರೆ ಜ್ವರ ಬಂದವರು ಆಶಾ ಕಾರ್ಯಕರ್ತೆಯ ಮುಂದೆ ಬಾಯಿ ಬಿಡೋದಿಲ್ಲ. ಮನೆ ಮುಂದೆ ಫಲಕ ಅಂಟಿಸಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಡಿಸೆಂಬರಿನಲ್ಲಿ. ಗುಟ್ಟು ಕಾಪಾಡಿದ ಇಲಾಖೆಗೆ ಮಾತ್ರ ನಿಜವಾದ ಅಂಕಿ ಸಿಗುತ್ತೆ.

ಕುಕ್ಕರಹಳ್ಳಿ ದಂಡೆ:

ಎಲ್ಲರಿಗೂ ತುಂಬಾ ಧನ್ಯವಾದ. ಕರಡು ಹೀಗೆ ಮಾಡಿದ್ದೇನೆ, ತಪ್ಪಿದ್ದರೆ ತಿದ್ದಿ. ಒಂದು, ಪ್ರತಿ ಆದೇಶದಲ್ಲೂ ಹಾಕುವ ಗೆರೆ ಮತ್ತು ತೆಗೆಯುವ ಗೆರೆ ಎರಡೂ ಅಂಕಿಯಲ್ಲಿ ಇರಬೇಕು: ಏಳು ದಿನದ ಕೂಡಿಸಿದ ಪಾಸಿಟಿವಿಟಿ ಶೇ. 5, ಆಕ್ಸಿಜನ್ ಬೆಡ್ ಶೇ. 60. ಎರಡು, ಹಂತಗಳ ನಡುವೆ 14 ದಿನ. ಮೂರು, ಆಕ್ಸಿಜನ್ ಎಷ್ಟು ಗಂಟೆಗಿದೆ ಅಂತ ದಿನವೂ ಪ್ರಕಟಣೆ. ನಾಲ್ಕು, ಸಲಹೆ ಬದಲಾದರೆ ಕಾರಣದೊಂದಿಗೆ ಹಳೇ ಆದೇಶದ ವಾಪಸಾತಿ. ಐದು, ಮೈಸೂರು ನಗರ ಮತ್ತು ಶ್ರೀರಂಗಪಟ್ಟಣವನ್ನು ಒಂದೇ ಘಟಕವಾಗಿ ನೋಡುವುದು, ಯಾಕೆಂದರೆ ದಿನಾ ಓಡಾಡುವ ಜನ ಒಂದೇ. ಇದನ್ನು ಕೊಟ್ಟರೆ ಕಚೇರಿಯಲ್ಲಿ ಸ್ವೀಕೃತಿ ಮುದ್ರೆ ಒತ್ತಿ ಮೂಲೆಗೆ ಇಡುತ್ತಾರೆ ಅನ್ನೋದು ನಮ್ಮ ಸದಸ್ಯರ ಭಯ.

ಹತ್ತು ರೂಪಾಯಿ ಅರ್ಜಿ:

ಆ ಭಯಕ್ಕೆ ಮಾಹಿತಿ ಹಕ್ಕು ಕಾಯ್ದೆಯಲ್ಲೇ ಉತ್ತರ ಇದೆ. ಜನರಿಗೆ ತಟ್ಟುವ ನಿರ್ಧಾರ ಪ್ರಕಟಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿ ಪ್ರಕಟಿಸಬೇಕು ಅನ್ನುತ್ತೆ ಕಲಂ 4(1)(ಸಿ). ಆಡಳಿತಾತ್ಮಕ ನಿರ್ಧಾರಕ್ಕೆ ಕಾರಣವನ್ನು ಬಾಧಿತರಿಗೆ ಕೊಡಬೇಕು ಅನ್ನುತ್ತೆ 4(1)(ಡಿ). ಮನವಿಯ ಮೊದಲ ಸಾಲಿನಲ್ಲೇ ಈ ಎರಡು ಕಲಂ ಹೆಸರಿಸಿ. ಆಗ ನೀವು ಕೇಳ್ತಿರೋದು ಕೃಪೆ ಅಲ್ಲ, ಅವರ ಕರ್ತವ್ಯ.

ಅರ್ಜಿ ಹಾಕುವಾಗ ಕರ್ನಾಟಕದ ನಿಯಮ ನೆನಪಿರಲಿ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಆಕ್ಸಿಜನ್ ಎಷ್ಟು ಗಂಟೆಗಿದೆ ಅನ್ನೋ ಪ್ರಶ್ನೆಗೆ ಆ 48 ಗಂಟೆಯ ಕಲಂ 7(1) ಬರೆದೇ ಕೇಳಿ. ಯಾಕೆ ಹೀಗೆ ಮಾಡಿದಿರಿ ಅಂತ ಬರೆದರೆ ಮಾಹಿತಿ ಅಲ್ಲ ಅಂತ ವಾಪಸ್ ಬರುತ್ತೆ. ಇಂಥ ದಿನಾಂಕದ ಆದೇಶದ ಕಡತದ ಟಿಪ್ಪಣಿ ಹಾಳೆಯ ನಕಲು, ಆ ಸಭೆಯ ನಡಾವಳಿ, ಆ ವಾರದ ಪರೀಕ್ಷೆಯ ವಿಂಗಡಣೆ ಅಂತ ದಾಖಲೆಯ ಹೆಸರು ಹಿಡಿದು ಕೇಳಬೇಕು.

ಕರಡಿನಲ್ಲಿ ಎರಡು ತಿದ್ದುಪಡಿ. ಬೆಡ್ ಶೇ. 60 ಬೇಡ. ಮೇಲೆ ಮಂಡ್ಯದವರು ಲೆಕ್ಕ ಹಾಕಿ ತೋರಿಸಿದ್ದಾರಲ್ಲ, ಹಾಕುವ ಗೆರೆ 40 ಬರೀರಿ. ತೆಗೆಯುವ ಗೆರೆ ಅದಕ್ಕಿಂತ ಕೆಳಗಿರಲಿ, 25ರ ಹತ್ತಿರ. ಎರಡೂ ಒಂದೇ ಅಂಕಿ ಆದರೆ 39ಕ್ಕೆ ತೆರೆದು 41ಕ್ಕೆ ಮುಚ್ಚಿ ವಾರಕ್ಕೊಂದು ಆದೇಶ ಬರುತ್ತೆ, ಅಂಗಡಿಯವರು ಮಾಲು ತರಿಸೋದಾ ಬೇಡವಾ ಅಂತ ತಿಳಿಯದೆ ಒದ್ದಾಡ್ತಾರೆ. ಪಾಸಿಟಿವಿಟಿಗೂ ಹಾಗೇ ಎರಡು ಅಂಕಿ ಇಡಿ, ಪಕ್ಕದಲ್ಲಿ 'ಲಕ್ಷಣ ಇರುವವರ ಆರ್‌ಟಿ-ಪಿಸಿಆರ್ ಮಾತ್ರ' ಅಂತ ಸೇರಿಸಿ.